ತಂತಿ ಕಟ್ಟುವ ಮುನ್ನ ಬೇರು ನೋಡಿ

ನನ್ನ ಮೇಲ್ದವಡೆಯ ನಾಲ್ಕು ಮುಂದಿನ ಹಲ್ಲುಗಳ ಬೇರನ್ನು ನಾನು ಮೊದಲ ಸಲ ನೋಡಿದ್ದು ಮೂವತ್ತಾರನೇ ವಯಸ್ಸಿನಲ್ಲಿ, ಕಲಬುರಗಿಯ ದಂತ ವೈದ್ಯರೊಬ್ಬರ ಕೋಣೆಯ ಕಿಟಕಿಯ ಬೆಳಕಿನಲ್ಲಿ. ಬಾಚಿ ಹಲ್ಲೊಂದು ಸ್ವಲ್ಪ ಅಲುಗುತ್ತಿದೆ ಅನ್ನಿಸಿ ಹೋಗಿದ್ದೆ. ಅವರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. ಎರಡೂ ಬದಿಗೆ ಕೋರೆ ಹಲ್ಲಿನ ಬೇರುಗಳು ಕಿತ್ತು ತಂದ ತೊಗರಿ ಗಿಡದ ತಾಯಿಬೇರಿನ ಹಾಗೆ ಉದ್ದಕ್ಕೆ, ಚೂಪಾಗಿ ಇಳಿದಿದ್ದವು. ನಡುವಿನ ನಾಲ್ಕು ಮಾತ್ರ ಮೊಂಡು. ಬರೆದು ಬರೆದು ಸವೆದ ಪೆನ್ಸಿಲ್ಲಿನ ತುದಿಯಂತೆ ದುಂಡಗೆ ನಿಂತುಬಿಟ್ಟಿದ್ದವು.

"ಸಣ್ಣಂದಿರಬೇಕಾದ್ರ ಕ್ಲಿಪ್ ಹಾಕಸಿದ್ರೇನ್ರಿ?" ಎಂದು ವೈದ್ಯರು ಕೇಳಿದರು.

ಹಾಕಿಸಿದ್ದೆ. ಹದಿನಾಲ್ಕನೇ ವಯಸ್ಸಿನಲ್ಲಿ, ಬೇರೊಂದು ಊರಿನಲ್ಲಿ. ಮೊದಲ ಎರಡು ವರ್ಷ ತಿಂಗಳಿಗೊಮ್ಮೆ ಹೋಗಿ ತಂತಿ ಬಿಗಿ ಮಾಡಿಸಿಕೊಂಡು ಬರುತ್ತಿದ್ದೆ. ಆಮೇಲೆ ಅಪ್ಪನ ವರ್ಗಾವಣೆ, ನನ್ನ ಕಾಲೇಜು, ಮನೆಯಲ್ಲಿ ಒಂದಾದ ಮೇಲೊಂದು ಕೆಲಸ. ತಂತಿ ಬಾಯಲ್ಲೇ ಉಳಿಯಿತು. ಒಟ್ಟು ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ನನ್ನ ಹಲ್ಲಿನ ಒಂದೇ ಒಂದು ಎಕ್ಸ್‌ರೇ ಯಾರೂ ತೆಗೆಯಲಿಲ್ಲ. ತೆಗೆಯಬೇಕೆಂದು ಕೇಳಲು ನಮಗೂ ಗೊತ್ತಿರಲಿಲ್ಲ. ಹಲ್ಲು ಮಾತ್ರ ಸಾಲಾಗಿ ಬಂದವು. ಮದುವೆ ಮನೆಗಳಲ್ಲಿ ಹೊಗಳಿದವರೆಷ್ಟೋ ಮಂದಿ. ಬೇರನ್ನು ಯಾರು ನೋಡಿದ್ದಾರೆ?

ಈಗ ಸೇಡಂನಲ್ಲಿರುವ ತಂಗಿಯ ಮಗಳಿಗೆ ಹನ್ನೆರಡು. ಉಬ್ಬು ಹಲ್ಲು, ಮೇಲೊಂದು ವಂಕಿ. ಕ್ಲಿಪ್ ಹಾಕಿಸಬೇಕೆಂದು ಮನೆಯಲ್ಲಿ ಮಾತಾಯಿತು. ನನ್ನ ಬಾಯಲ್ಲಿ ಆದದ್ದು ಅವಳ ಬಾಯಲ್ಲಿ ಆಗಬಾರದು ಎಂಬ ಹಟದಿಂದ ಎರಡು ವರ್ಷದಿಂದ ವೈದ್ಯರನ್ನು ಕೇಳಿದ್ದು, ಓದಿದ್ದು, ಕೂತು ನೋಡಿದ್ದು ಎಲ್ಲವನ್ನೂ ಇಲ್ಲಿ ಇಡುತ್ತಿದ್ದೇನೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ತಂದೆ ತಾಯಿಗಳಿಗೆ ಇದು ಬೇಕು. ನಮ್ಮ ಮಕ್ಕಳೂ ಈಗ ಹಲ್ಲಿಗೆ ತಂತಿ ಹಾಕಿಸಿಕೊಳ್ಳುತ್ತಿದ್ದಾರೆ.

ಕಾಣುವುದು ಅರ್ಧಕ್ಕಿಂತ ಕಡಿಮೆ

ಕನ್ನಡಿಯಲ್ಲಿ ನಮಗೆ ಕಾಣುವುದು ಹಲ್ಲಿನ ತಲೆ ಮಾತ್ರ. ಮೇಲಿನ ನಡು ಬಾಚಿ ಹಲ್ಲನ್ನು ತೆಗೆದುಕೊಳ್ಳಿ. ಹೊರಗೆ ಕಾಣುವ ಭಾಗ 10ರಿಂದ 11 ಮಿಲಿಮೀಟರ್. ವಸಡಿನೊಳಗೆ, ಮೂಳೆಯಲ್ಲಿ ಹೂತಿರುವ ಬೇರು ಸುಮಾರು 13 ಮಿಲಿಮೀಟರ್. ಕೋರೆ ಹಲ್ಲಿನ ಬೇರು ಎಲ್ಲಕ್ಕಿಂತ ಉದ್ದ, ಸುಮಾರು 17 ಮಿಲಿಮೀಟರ್. ಕೆಳ ದವಡೆಯ ದೊಡ್ಡ ದವಡೆ ಹಲ್ಲಿಗೆ ಎರಡು ಬೇರು, ಮೇಲಿನದಕ್ಕೆ ಮೂರು.

ಈ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಫರಸಿಯನ್ನು ಸಿಮೆಂಟಿನಲ್ಲಿ ಕೂರಿಸಿದ ಹಾಗಲ್ಲ ಅದು. ಬೇರಿಗೂ ಮೂಳೆಗೂ ನಡುವೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು, ನೋಟ್‌ಬುಕ್ಕಿನ ಎರಡು ಹಾಳೆಯಷ್ಟು ದಪ್ಪದ ಒಂದು ತಂತು ಪದರವಿದೆ. ಸಾವಿರಾರು ಸಣ್ಣ ನಾರುಗಳು ಹಲ್ಲನ್ನು ತೊಟ್ಟಿಲಿನ ಹಗ್ಗಗಳಂತೆ ಮೂಳೆಗೆ ಕಟ್ಟಿ ಹಿಡಿದಿರುತ್ತವೆ. ಅದರಲ್ಲಿ ರಕ್ತನಾಳವಿದೆ, ನರವಿದೆ, ಕಟ್ಟುವ ಕೋಶಗಳೂ ಕೆಡಹುವ ಕೋಶಗಳೂ ಇವೆ. ಹಲ್ಲಿಗೆ ತಂತಿ ಕಟ್ಟುವ ವಿದ್ಯೆ ಎಲ್ಲವೂ ನಿಂತಿರುವುದು ಈ ಎರಡು ಹಾಳೆ ದಪ್ಪದ ಪದರದ ಮೇಲೆ.

ಹಲ್ಲನ್ನು ಒಂದು ದಿಕ್ಕಿಗೆ ಮೆಲ್ಲಗೆ ಒತ್ತಿ ಹಿಡಿದರೆ, ಒತ್ತಿದ ಬದಿಯ ಮೂಳೆ ದಿನಕ್ಕಿಷ್ಟು ಕರಗುತ್ತದೆ. ಎಳೆದ ಬದಿಯಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹಲ್ಲು ಮೂಳೆಯನ್ನು ಸೀಳಿಕೊಂಡು ಹೋಗುವುದಿಲ್ಲ, ಅದರ ಕುಳಿಯೇ ಜಾಗ ಬದಲಿಸುತ್ತದೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್, ಅಷ್ಟೇ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ 20ನೇ ಶತಮಾನದ ಮೊದಲ ವರ್ಷಗಳಲ್ಲೇ ನಾಯಿಗಳ ಹಲ್ಲಿಗೆ ತಂತಿ ಕಟ್ಟಿ, ಆ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿದ. ಅವನು ಇನ್ನೊಂದನ್ನೂ ಕಂಡ. ಒತ್ತಡ ಹೆಚ್ಚಾದ ಕಡೆ ಆ ಪದರ ಗಾಜಿನಂತೆ ನಿರ್ಜೀವವಾಗಿತ್ತು. ಬೇರಿನ ಕಷ್ಟ ಶುರುವಾಗುವುದು ಅಲ್ಲಿಂದ.

ಎತ್ತಿನ ಗೂಟ

ಅದಕ್ಕೂ ಮೊದಲು ಗೂಟದ ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆಯ ತಾಯಂದಿರು ದಂತ ಆಸ್ಪತ್ರೆಯಲ್ಲಿ ಹೆಚ್ಚಾಗಿ ಜಗಳ ತೆಗೆಯುವುದು ಇದರ ಮೇಲೇ.

ಮಳೆ ಬಿದ್ದ ಕರಿಮಣ್ಣಿನ ಹೊಲದಲ್ಲಿ ಎತ್ತಿನ ಗೂಟ ನೆಟ್ಟಿದೆ ಎಂದುಕೊಳ್ಳಿ. ಅದರ ತಲೆಯನ್ನು ಕೈಯಿಂದ ಒತ್ತಿದರೆ ಗೂಟ ಇದ್ದ ಹಾಗೇ ಅತ್ತ ಸರಿಯುವುದಿಲ್ಲ. ತಲೆ ಅತ್ತ ವಾಲುತ್ತದೆ, ಮಣ್ಣಿನೊಳಗಿನ ತುದಿ ಇತ್ತ ಬರುತ್ತದೆ. ಹಲ್ಲೂ ಹಾಗೆಯೇ. ಅದು ತಿರುಗುವ ಬಿಂದು ಬೇರಿನ ನಡುಭಾಗದ ಹತ್ತಿರ, ಮೂಳೆಯ ಒಳಗಿದೆ. ತಲೆಗೆ ತಂತಿ ಕಟ್ಟಿ ಎಳೆದರೆ ತಲೆ ಬೇಗ ಬರುತ್ತದೆ, ಬೇರು ಹಿಂದೆ ಉಳಿಯುತ್ತದೆ. ಕೆಲವೊಮ್ಮೆ ಎದುರು ದಿಕ್ಕಿಗೇ ಹೋಗುತ್ತದೆ.

ಆರೇಳು ತಿಂಗಳಲ್ಲಿ ಕನ್ನಡಿಯಲ್ಲಿ ಹಲ್ಲು ನೆಟ್ಟಗೆ ಕಾಣುತ್ತವೆ. "ಹಲ್ಲ ನೆಟ್ಟಗ ಆಗ್ಯಾವಲ್ರಿ, ಇನ್ನ್ಯಾಕ ಇದು? ಬಿಚ್ಚಿ ಒಗೀರಿ" ಎಂದು ಶಹಾಬಾದ್ ಕಡೆಯ ಒಬ್ಬ ತಾಯಿ ನನ್ನೆದುರೇ ಹೇಳಿದರು. ಮಗ ಎಸ್ಸೆಸ್ಸೆಲ್ಸಿ, ತಿಂಗಳಿಗೊಂದು ದಿನ ಶಾಲೆ ತಪ್ಪುತ್ತದೆ. ಅವರ ಸಂಕಟ ನಿಜ. ಆದರೆ ಆಗ ನೆಟ್ಟಗಾಗಿರುವುದು ತಲೆಗಳು ಮಾತ್ರ. ಉಳಿದ ಒಂದು ವರ್ಷ ನಡೆಯುವ ಕೆಲಸ ಕಣ್ಣಿಗೆ ಕಾಣದ್ದು, ಬೇರನ್ನು ತಲೆಯ ಕೆಳಗೆ ತಂದು ನಿಲ್ಲಿಸುವುದು. ಇಕ್ಕಟ್ಟಿಗೆಂದು ಸಣ್ಣ ದವಡೆ ಹಲ್ಲು ಕಿತ್ತು ಸಂದು ಮುಚ್ಚಿದಾಗ ಎರಡು ಬದಿಯ ಹಲ್ಲುಗಳು ತಲೆ ತಲೆ ತಾಗಿಸಿ ನಿಲ್ಲುತ್ತವೆ. ಒಳಗೆ ಬೇರುಗಳು ಬಿದಿರಿನ ಕವಲಿನಂತೆ ಅಗಲಿಸಿಕೊಂಡಿರುತ್ತವೆ. ಅಲ್ಲಿಗೆ ತಂತಿ ಬಿಚ್ಚಿದರೆ ಸಂದು ಮತ್ತೆ ಬಾಯಿ ಬಿಡುತ್ತದೆ. ಬೇರುಗಳು ಒಂದಕ್ಕೊಂದು ಸರಿಸಮ ನಿಂತರೇ ಹಲ್ಲು ನಿಂತಲ್ಲಿ ನಿಲ್ಲುತ್ತದೆ. ಅದು ನಿಂತಿದೆಯೇ ಇಲ್ಲವೇ ಎಂದು ಹೇಳಲು ಎಕ್ಸ್‌ರೇ ಬೇಕು.

ಅಮೆರಿಕದ ಲಾರೆನ್ಸ್ ಆಂಡ್ರ್ಯೂಸ್ 1970ರ ದಶಕದಲ್ಲಿ ಮಾಡಿದ ದೊಡ್ಡ ಕೆಲಸವೂ ಇದೇ. ಹಲ್ಲಿಗೆ ಅಂಟಿಸುವ ಬ್ರಾಕೆಟ್ಟಿನ ಸೀಳಿನಲ್ಲೇ ಆಯಾ ಹಲ್ಲಿನ ಬೇರು ಎಷ್ಟು ಓರೆ ಇರಬೇಕು, ಎಷ್ಟು ಒಳಕ್ಕೆ ವಾಲಬೇಕು ಎಂಬ ಲೆಕ್ಕವನ್ನು ಸೇರಿಸಿಬಿಟ್ಟ. ಈಗ ನಮ್ಮ ಮಕ್ಕಳ ಹಲ್ಲಿನ ಮೇಲೆ ಕಾಣುವ ಆ ಸಣ್ಣ ಲೋಹದ ಚೌಕಗಳಲ್ಲಿ ಬಹುಪಾಲು ಅದೇ ತತ್ವದವು. ಕೋರೆ ಹಲ್ಲಿನದನ್ನು ಬಾಚಿ ಹಲ್ಲಿಗೆ ಅಂಟಿಸಲು ಬರುವುದಿಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ. ಅಂಟಿಸುವಾಗ ವೈದ್ಯರು ಒಂದು ಬ್ರಾಕೆಟ್ಟಿಗೆ ಅಷ್ಟು ಹೊತ್ತು ತೆಗೆದುಕೊಳ್ಳುವುದು ಅದಕ್ಕೇ. ಅರ್ಧ ಮಿಲಿಮೀಟರ್ ಓರೆಯಾದರೂ ಒಳಗೆ ಬೇರು ಓರೆ ಹೋಗುತ್ತದೆ.

ಬೇರು ಕರಗುವುದು

ಈಗ ನನ್ನ ಮೊಂಡು ಬೇರುಗಳ ವಿಷಯಕ್ಕೆ ಬರುತ್ತೇನೆ.

ಹಿತವಾದ ಒತ್ತಡದಲ್ಲಿ ಮೂಳೆ ಕರಗುತ್ತದೆ, ಬೇರು ಕರಗುವುದಿಲ್ಲ. ಬೇರಿನ ಮೈಮೇಲೆ ಸಿಮೆಂಟಮ್ ಎಂಬ ಹೊದಿಕೆ ಇದೆ. ಸಿಮೆಂಟಿನ ಊರಿನವರಾದ ನಮಗೆ ಆ ಹೆಸರು ನೆನಪಿಡುವುದು ಕಷ್ಟವಲ್ಲ. ಮೂಳೆಯಂಥದ್ದೇ ಆದರೂ ಇದರಲ್ಲಿ ರಕ್ತನಾಳವಿಲ್ಲ, ಮೂಳೆ ತಿನ್ನುವ ಕೋಶಗಳು ಇದರ ತಂಟೆಗೆ ಸುಲಭವಾಗಿ ಬರುವುದಿಲ್ಲ. ಆದರೆ ಒತ್ತಡ ಅತಿಯಾಗಿ ಆ ಎರಡು ಹಾಳೆ ದಪ್ಪದ ಪದರದ ರಕ್ತನಾಳಗಳೇ ಮುಚ್ಚಿಕೊಂಡರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಸತ್ತದ್ದನ್ನು ಗುಡಿಸಲು ಬರುವ ಕೋಶಗಳು ಕಸದ ಜೊತೆಗೆ ಬೇರಿನ ಹೊದಿಕೆಯನ್ನೂ ಕೆರೆದು ತೆಗೆಯುತ್ತವೆ. ಹೊದಿಕೆ ಹೋದರೆ ಒಳಗಿನ ದಂತದ್ರವ್ಯ ಬಯಲಾಯಿತು. ಒತ್ತಡ ನಿಂತರೆ ಆ ಗುಂಡಿಗಳು ಹೊಸ ಸಿಮೆಂಟಮ್ಮಿನಿಂದ ತುಂಬಿಕೊಳ್ಳುತ್ತವೆ. ತುದಿಯಲ್ಲಿ ಕಡಿದುಹೋದ ಉದ್ದ ಮಾತ್ರ ಮತ್ತೆ ಬೆಳೆಯುವುದಿಲ್ಲ.

1932ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಒಂದು ಅಳತೆ ಹೇಳಿದ. ಒಂದು ಚದರ ಸೆಂಟಿಮೀಟರ್ ಬೇರಿಗೆ 20ರಿಂದ 26 ಗ್ರಾಂ, ಸೂಕ್ಷ್ಮ ರಕ್ತನಾಳದೊಳಗಿನ ಒತ್ತಡದಷ್ಟು. ಹೆಚ್ಚು ಬಿಗಿದರೆ ಬೇಗ ಮುಗಿಯುತ್ತದೆ ಎಂದು ತಿಳಿಯುವವರಿಗೆ ಅದೇ ಉತ್ತರ. ಬಾಚಿ ಹಲ್ಲನ್ನು ಮೇಲಕ್ಕೆ, ಮೂಳೆಯೊಳಕ್ಕೆ ಒತ್ತುವ ಕೆಲಸದಲ್ಲಿ ಈಗ ಬಳಸುವ ಬಲ ಒಂದು ಹಲ್ಲಿಗೆ 10ರಿಂದ 20 ಗ್ರಾಂ. ಐದು ರೂಪಾಯಿಯ ಮೂರು ನಾಣ್ಯಗಳನ್ನು ಅಂಗೈಯಲ್ಲಿಟ್ಟು ನೋಡಿ, ಅಷ್ಟೇ ಭಾರ. ಆ ಚಲನೆಯಲ್ಲಿ ಒತ್ತಡವೆಲ್ಲ ಬೇರಿನ ಚೂಪು ತುದಿಯ ಮೇಲೇ ಬೀಳುವುದರಿಂದ ಬೇರು ಕರಗುವ ಭಯವೂ ಅಲ್ಲಿ ಹೆಚ್ಚು.

ತಂತಿ ಕಟ್ಟಿದ ಹಲ್ಲುಗಳ ಬೇರು ಕರಗುವುದನ್ನು ಎಕ್ಸ್‌ರೇ ಚಿತ್ರಗಳಿಂದ ಲೋಕದ ಮುಂದಿಟ್ಟವರು ಅಮೆರಿಕದ ಆಲ್ಬರ್ಟ್ ಕೆಚಮ್, 1927 ಮತ್ತು 1929ರ ತಮ್ಮ ಬರಹಗಳಲ್ಲಿ. ಅಲ್ಲಿಯವರೆಗೆ ಹೆಚ್ಚಿನ ವೈದ್ಯರು ಕಂಡದ್ದು ನಾವು ಕನ್ನಡಿಯಲ್ಲಿ ಕಾಣುವಷ್ಟನ್ನೇ. ಕೆಚಮ್ ಬರೆದ ಮೇಲೆ ಗಾಬರಿಯಾಯಿತು, ವಾದವಾಯಿತು. ಸುಮಾರು ನೂರು ವರ್ಷಗಳ ನಂತರ ನಮಗೆ ತಿಳಿದಿರುವುದು ಇಷ್ಟು: ತಂತಿ ಕಟ್ಟಿಸಿಕೊಂಡ ಬಹುತೇಕ ಎಲ್ಲರ ಬೇರೂ ತುಸುವಾದರೂ ಸವೆಯುತ್ತದೆ. ಸಾಮಾನ್ಯವಾಗಿ ಅದು ಒಂದೂವರೆ ಮಿಲಿಮೀಟರಿನ ಒಳಗೆ, ಅದರಿಂದ ಏನೂ ತೊಂದರೆಯಿಲ್ಲ. ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗುವ ಕಷ್ಟ 100ರಲ್ಲಿ 1ರಿಂದ 5 ಮಂದಿಗೆ. ಅವರಲ್ಲಿ ನಾನೊಬ್ಬಳು.

ಯಾರಿಗೆ ಹೀಗಾಗುತ್ತದೆ? ಮೇಲಿನ ಬಾಚಿ ಹಲ್ಲುಗಳಿಗೆ ಹೆಚ್ಚು. ಬೇರು ಮೊದಲೇ ಗಿಡ್ಡವಿದ್ದರೆ, ತುದಿ ಬಾಗಿದ್ದರೆ, ಹನಿಗೊಳವೆಯ ಮೂತಿಯಂತೆ ಸಣ್ಣಗಾಗಿದ್ದರೆ ಇನ್ನೂ ಹೆಚ್ಚು. ಹಿಂದೆ ಬಿದ್ದು ಪೆಟ್ಟಾದ ಹಲ್ಲಿಗೆ, ಬೇರನ್ನು ದೂರ ಸಾಗಿಸಬೇಕಾದಾಗ, ಚಿಕಿತ್ಸೆ ಲಂಬಿಸಿದಾಗ. ಕೆಲವು ಮನೆತನಗಳಲ್ಲಿ ಅದು ರಕ್ತದಲ್ಲೇ ಬರುತ್ತದೆ. ಅಕ್ಕನ ಬೇರು ಕರಗಿದ್ದರೆ ತಂಗಿಯದನ್ನು ಎಚ್ಚರದಿಂದ ನೋಡಬೇಕು. ನನ್ನ ತಂಗಿಯ ಮಗಳನ್ನು ಕರೆದುಕೊಂಡು ಹೋದಾಗ ನನ್ನ ಹಳೆಯ ಫಿಲ್ಮನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದು ಅದಕ್ಕೇ.

ಸ್ವೀಡನ್ನಿನ ಲೆವಾಂಡರ್ ಮತ್ತು ಮಾಲ್ಮ್‌ಗ್ರೆನ್ 1988ರಲ್ಲಿ ಬರೆದದ್ದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ತಂತಿ ಕಟ್ಟಿ 6ರಿಂದ 9 ತಿಂಗಳಾದಾಗ ಬಾಚಿ ಹಲ್ಲುಗಳ ಒಂದು ಎಕ್ಸ್‌ರೇ ತೆಗೆದು ನೋಡಿದರೆ ಯಾರ ಬೇರು ಮುಂದೆ ಕೆಡಲಿದೆ ಎಂಬ ಸುಳಿವು ಆಗಲೇ ಸಿಗುತ್ತದೆ. ಆಗ ಬೇರು ಕರಗಿದ್ದು ಕಂಡರೆ 2-3 ತಿಂಗಳು ಬಲವೆಲ್ಲ ತೆಗೆದು ಹಲ್ಲಿಗೆ ವಿಶ್ರಾಂತಿ ಕೊಡಬೇಕು. ಹಾಗೆ ಬಿಡುವು ಕೊಟ್ಟವರಲ್ಲಿ ಮುಂದಿನ ನಷ್ಟ ಕಡಿಮೆಯಾಯಿತು ಎಂದು ಅವರ ನಂತರದ ಅಧ್ಯಯನವೇ ತೋರಿಸಿತು. ನಡುವೆ ಒಂದು ಫಿಲ್ಮ್, ಮೂರು ತಿಂಗಳ ತಾಳ್ಮೆ. ನನ್ನ ಬಾಯಲ್ಲಿ ತಪ್ಪಿದ್ದು ಅಷ್ಟೇ.

ಕೆಟ್ಟದ್ದನ್ನೇ ಹೇಳಿ ಹೆದರಿಸುವುದು ನ್ಯಾಯವಲ್ಲ. ತಂತಿ ತೆಗೆದ ಮೇಲೆ ಬೇರು ಕರಗುವುದು ನಿಲ್ಲುತ್ತದೆ. ತುದಿಯಲ್ಲಿ 3 ಮಿಲಿಮೀಟರ್ ಹೋದರೂ ಹಲ್ಲಿನ ಹಿಡಿತದಲ್ಲಿ ಆಗುವ ನಷ್ಟ ಕುತ್ತಿಗೆಯ ಬಳಿ 1 ಮಿಲಿಮೀಟರ್ ಮೂಳೆ ಹೋದಷ್ಟೇ, ಯಾಕೆಂದರೆ ಬೇರು ಅಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಉಳಿದ ಬೇರು 9 ಮಿಲಿಮೀಟರಿಗಿಂತ ಕಡಿಮೆಯಾದಾಗಲೇ ಅಲುಗಾಟದ ಭಯ. ಹಾಗಾಗಿ ನನ್ನಂಥವರು ಜೀವದಂತೆ ಕಾಪಾಡಬೇಕಾದದ್ದು ವಸಡನ್ನು. ಗುಟ್ಕಾ, ತಂಬಾಕು, ಹಲ್ಲಿಗೆ ಕಟ್ಟಿದ ಗಾರೆ ಇವು ಮೂಳೆಯನ್ನು ತಿನ್ನುವುದು ಬೇರಿನ ಆ ದಪ್ಪನೆಯ ಕುತ್ತಿಗೆಯಿಂದಲೇ. ಮೂವತ್ತು ನಲವತ್ತರಲ್ಲಿ ಕ್ಲಿಪ್ ಹಾಕಿಸಿಕೊಳ್ಳಲು ಹೋಗುವ ಗಂಡಸರಿಗೆ ವೈದ್ಯರು ಮೊದಲು ವಸಡಿನ ಚಿಕಿತ್ಸೆ ಆಗಲಿ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಅರ್ಧ ಬಯಲಾದ ಬೇರಿಗೆ ತಂತಿ ಕಟ್ಟುವುದು ಮಣ್ಣು ಕೊಚ್ಚಿಹೋದ ಗಿಡಕ್ಕೆ ಹಗ್ಗ ಕಟ್ಟಿ ಎಳೆದಂತೆ.

ದಾರಿ ತಪ್ಪಿದ ಕೋರೆ ಹಲ್ಲು

ತಂತಿಯಿಂದಲ್ಲದೆ ಹಲ್ಲಿನಿಂದಲೇ ಹಲ್ಲಿನ ಬೇರು ಹಾಳಾಗುವುದುಂಟು. ಮೇಲಿನ ಕೋರೆ ಹಲ್ಲು ಹುಟ್ಟುವುದು ಮೂಗಿನ ಪಕ್ಕ, ಬಹಳ ಮೇಲೆ. ಅಲ್ಲಿಂದ ಎರಡು ಸೆಂಟಿಮೀಟರಿನಷ್ಟು ದಾರಿ ನಡೆದು 11-12ನೇ ವಯಸ್ಸಿಗೆ ಹೊರಬರುತ್ತದೆ. ಪಕ್ಕದ ಬಾಚಿ ಹಲ್ಲಿನ ಬೇರನ್ನೇ ಹಿಡಿದುಕೊಂಡು ಇಳಿಯುತ್ತದೆ. ನೂರರಲ್ಲಿ ಇಬ್ಬರಿಗೆ ಅದು ದಾರಿ ತಪ್ಪಿ ಅಂಗುಳದ ಕಡೆ ಅಡ್ಡ ಬೀಳುತ್ತದೆ. ಆಗ ಪಕ್ಕದ ಹಲ್ಲಿನ ಬೇರನ್ನು ಸದ್ದಿಲ್ಲದೆ ಕೊರೆಯುತ್ತದೆ. ನೋವಿಲ್ಲ, ಬಾವಿಲ್ಲ. ಎರಿಕ್ಸನ್ ಮತ್ತು ಕುರೋಲ್ ಎಂಬ ಸ್ವೀಡನ್ನಿನ ಇಬ್ಬರು ವೈದ್ಯರು 2000ದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಹೀಗೆ ದಾರಿ ತಪ್ಪಿದ ಕೋರೆ ಹಲ್ಲಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬಾಚಿ ಹಲ್ಲಿನ ಬೇರು ಕೊರೆದುಹೋಗಿತ್ತು.

ಅದೇ ಇಬ್ಬರು 1988ರಲ್ಲಿ ಇದಕ್ಕೊಂದು ಸುಲಭದ ಮದ್ದನ್ನೂ ಕಂಡಿದ್ದರು. ಸಕಾಲದಲ್ಲಿ ಗೊತ್ತಾದರೆ ಮೇಲಿನ ಹಾಲು ಕೋರೆ ಹಲ್ಲನ್ನು ಕಿತ್ತರೆ ಸಾಕು, ಒಳಗಿನದು ತಾನಾಗಿ ದಾರಿಗೆ ಬರುತ್ತದೆ. ಅವರು ನೋಡಿದ 46 ಹಲ್ಲುಗಳಲ್ಲಿ 36 ಹಾಗೆ ಸರಿಹೋದವು. ತಂತಿಯಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಯಾವ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರೂ ಹತ್ತು ನಿಮಿಷದಲ್ಲಿ ಮಾಡಬಹುದಾದ ಕೆಲಸ.

ಗೊತ್ತು ಮಾಡಿಕೊಳ್ಳುವುದು ಹೇಗೆ? ಮಗುವಿಗೆ ಹತ್ತು ತುಂಬಿದಾಗ ಮೇಲಿನ ತುಟಿ ಎತ್ತಿ, ಹಾಲು ಕೋರೆ ಹಲ್ಲಿನ ಮೇಲ್ಗಡೆ ವಸಡನ್ನು ಬೆರಳಿಂದ ಸವರಿ ನೋಡಿ. ಎರಡೂ ಬದಿಗೆ ಕಡಲೆಯಷ್ಟು ಗಟ್ಟಿ ಉಬ್ಬು ತಗಲಬೇಕು. ಒಂದು ಬದಿಗೆ ತಗಲಿ ಇನ್ನೊಂದು ಬದಿಗೆ ತಗಲದಿದ್ದರೆ ದಂತ ವೈದ್ಯರ ಬಳಿ ಹೋಗಿ. ತಂಗಿಯ ಮಗಳ ಬಾಯಲ್ಲಿ ನಾನೇ ಸವರಿ ನೋಡಿದ್ದೆ. ಬಲಕ್ಕೆ ಸಿಕ್ಕಿತು, ಎಡಕ್ಕೆ ಸಿಗಲಿಲ್ಲ. ಫಿಲ್ಮಿನಲ್ಲಿ ಎಡಗಡೆಯದು ತುಸು ಒಳಕ್ಕೆ ವಾಲಿತ್ತು. ಹಾಲು ಹಲ್ಲು ಕಿತ್ತರು. ಎಂಟು ತಿಂಗಳಲ್ಲಿ ಇಳಿಯಿತು.

ಹಲ್ಲು ಹೊರಬಂದ ಕೂಡಲೇ ಬೇರು ಪೂರ್ತಿಯಾಗಿರುವುದಿಲ್ಲ ಎಂಬುದೂ ಬಹಳ ಮಂದಿಗೆ ಗೊತ್ತಿಲ್ಲ. ಏಳೆಂಟು ವರ್ಷಕ್ಕೆ ಬರುವ ಮೇಲಿನ ಬಾಚಿ ಹಲ್ಲಿನ ಬೇರು ಮುಗಿಯುವುದು ಹತ್ತಕ್ಕೆ. ಕೋರೆ ಹಲ್ಲಿನದು ಹದಿಮೂರರಿಂದ ಹದಿನೈದಕ್ಕೆ. "ಎಂಟು ವರ್ಷಕ್ಕೇ ಹಾಕಿಸಿಬಿಡೋಣ" ಎನ್ನುವ ಅವಸರಕ್ಕೂ "ಮದುವಿ ಮುಂದ ನೋಡೂಣು" ಎನ್ನುವ ಸಾವಕಾಶಕ್ಕೂ ನಡುವೆ ವೈದ್ಯರು ಒಂದು ವಯಸ್ಸು ಹುಡುಕುವುದು ಈ ಲೆಕ್ಕದಿಂದ.

ರಬ್ಬರ್ ಬ್ಯಾಂಡ್

ಮೊಬೈಲ್ ವಿಡಿಯೊ ನೋಡಿ ಮುಂದಿನ ಎರಡು ಹಲ್ಲಿನ ಸಂದು ಮುಚ್ಚಲು ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವ ಹುಡುಗ ಹುಡುಗಿಯರಿದ್ದಾರೆ. ಇದನ್ನು ಓದುವ ಪ್ರತಿ ಮನೆಯಲ್ಲೂ ಮಕ್ಕಳಿಗೆ ಹೇಳಿ: ಇದರಷ್ಟು ಅಪಾಯದ ಆಟ ಇನ್ನೊಂದಿಲ್ಲ. ಬಾಚಿ ಹಲ್ಲಿನ ಬೇರು ಗಜ್ಜರಿಯ ಆಕಾರದ್ದು, ಮೇಲಕ್ಕೆ ಹೋದಷ್ಟೂ ಸಣ್ಣ. ಸುತ್ತಿದ ರಬ್ಬರ್ ಜಾರುತ್ತ ವಸಡಿನೊಳಗೆ ಮಾಯವಾಗುತ್ತದೆ. ಬಿದ್ದುಹೋಯಿತು ಎಂದು ಮಗು ತಿಳಿಯುತ್ತದೆ. ಅದು ಒಳಗೆ ನಾರುಗಳನ್ನು ಕತ್ತರಿಸುತ್ತ, ಮೂಳೆ ಕರಗಿಸುತ್ತ ಬೇರಿನ ತುದಿಯ ಕಡೆ ಏರುತ್ತದೆ. ರಬ್ಬರ್ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಒಂದಿಷ್ಟೂ ಹುಳುಕಿಲ್ಲದ ಎರಡು ಹಲ್ಲು ಕಳೆದುಕೊಂಡ ಮಕ್ಕಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ವೈದ್ಯರ ಮುಖವನ್ನೇ ನೋಡದೆ ಅಂಚೆಯಲ್ಲಿ ಹಲ್ಲಿನ ಅಚ್ಚು ತರಿಸಿಕೊಳ್ಳುವ ವ್ಯಾಪಾರಕ್ಕೂ ನನ್ನ ಮಾತು ಇದೇ, ಬೇರಿನ ಚಿತ್ರವಿಲ್ಲದೆ ಹಲ್ಲು ಸರಿಸಬಾರದು.

ಕಾಗಿಣಾ ದಾಟಿ ತಿಂಗಳಿಗೊಮ್ಮೆ

ನಮ್ಮ ಭಾಗದಲ್ಲಿ ಈ ಚಿಕಿತ್ಸೆಯ ಕಷ್ಟ ಬೇರೆಯೇ ಇದೆ. ತಾಲ್ಲೂಕು ಆಸ್ಪತ್ರೆಗಳ ದಂತ ವೈದ್ಯರು ಹಲ್ಲು ನೋಡುತ್ತಾರೆ, ತುಂಬುತ್ತಾರೆ, ಕೀಳುತ್ತಾರೆ. ವಕ್ರದಂತ ತಜ್ಞರು, ಅಂದರೆ ಬಿಡಿಎಸ್ ಮುಗಿಸಿ ಈ ವಿಷಯದಲ್ಲೇ ಮೂರು ವರ್ಷ ಎಂಡಿಎಸ್ ಓದಿದವರು ಬೇಕೆಂದರೆ ಹೆಚ್ಚಿನವರು ಹೋಗುವುದು ಕಲಬುರಗಿಗೆ. ಅಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಎಸ್. ನಿಜಲಿಂಗಪ್ಪ ದಂತ ವೈದ್ಯಕೀಯ ಕಾಲೇಜಿದೆ, ಅಲ್-ಬದರ್ ಗ್ರಾಮೀಣ ದಂತ ವೈದ್ಯಕೀಯ ಕಾಲೇಜಿದೆ, ಇಎಸ್‌ಐಸಿಯ ದಂತ ಕಾಲೇಜೂ ಇದೆ. ವಾಡಿ, ಶಹಾಬಾದಿನವರಿಗೆ ರೈಲಿದೆ. ಸೇಡಂನಿಂದ ಬಸ್ಸಿನಲ್ಲಿ 50 ಕಿಲೋಮೀಟರಿಗೂ ಮಿಗಿಲು. ಚಿಂಚೋಳಿಗೆ ರೈಲೇ ಇಲ್ಲ, ಕುಂಚಾವರಂ ಕಾಡಿನಂಚಿನ ಹಳ್ಳಿಯವರಿಗೆ ಇಡೀ ದಿನದ ಪ್ರಯಾಣ. ಮಳೆಗಾಲದಲ್ಲಿ ಕಾಗಿಣಾ ನದಿ ತುಂಬಿ ಮಳಖೇಡದ ಸೇತುವೆ ಮುಳುಗಿದರೆ, ದಂಡೋತಿ ಸೇತುವೆ ಮುಳುಗಿದರೆ ಅವತ್ತಿನ ಭೇಟಿ ತಪ್ಪಿತು.

ಒಂದು ಭೇಟಿ ತಪ್ಪಿದರೆ ಏನೂ ಆಗುವುದಿಲ್ಲ. ಭಯವಿರುವುದು ಆರು ತಿಂಗಳು, ವರ್ಷ ತಪ್ಪಿದಾಗ. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳಿವೆ. ಅಪ್ಪ ಅಮ್ಮನ ಜೊತೆ ಮಗುವೂ ಹೋಗುತ್ತದೆ, ಬಾಯಲ್ಲಿ ತಂತಿಯೂ ಹೋಗುತ್ತದೆ. ಸ್ಪ್ರಿಂಗಿಗೂ ಎಳೆತಂತಿಗೂ ಕ್ಯಾಲೆಂಡರ್ ಗೊತ್ತಿಲ್ಲ. ಅದು ತನ್ನ ಪಾಡಿಗೆ ಎಳೆಯುತ್ತಲೇ ಇರುತ್ತದೆ, ಬೇಕಾದ ಜಾಗ ದಾಟಿದರೂ. ಆದ್ದರಿಂದ ಊರು ಬಿಡುವುದಿದ್ದರೆ ವೈದ್ಯರಿಗೆ ಮುಂಚೆಯೇ ಹೇಳಿ. ಅವರು ಎಳೆಯದ ಸಪ್ಪೆ ತಂತಿ ಹಾಕಿ ಕಳಿಸಬಲ್ಲರು. ಹಲ್ಲು ಇದ್ದಲ್ಲೇ ಇರುತ್ತದೆ, ಬೇರಿಗೆ ವಿಶ್ರಾಂತಿ. ಅಷ್ಟೂ ಆಗದೆ ವರ್ಷ ಕಳೆದಿದ್ದರೆ ನಾಚಿಕೆ ಬಿಟ್ಟು ಹೋಗಿ. ಬೈದರೆ ಬೈಸಿಕೊಳ್ಳಿ. ನಾವು ಬೈಗುಳಕ್ಕೆ ಅಂಜಿ ಹೋಗಲಿಲ್ಲ, ಅದೇ ನಮ್ಮ ತಪ್ಪು.

ಬ್ರಾಕೆಟ್ ಕಿತ್ತುಬಂದರೂ ಚಿಕಿತ್ಸೆ ಲಂಬಿಸುತ್ತದೆ, ಲಂಬಿಸಿದಷ್ಟೂ ಬೇರಿಗೆ ಕೇಡು. ಕಡಕ್ ರೊಟ್ಟಿ, ಕಬ್ಬು, ಹುರಿದ ಶೇಂಗಾ ಇವು ಬ್ರಾಕೆಟ್ಟಿನ ವೈರಿಗಳು. ರೊಟ್ಟಿ ಬಿಡಬೇಕಾಗಿಲ್ಲ, ಬಿಸಿ ಮೆತ್ತನೆಯ ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿ ಹಿಂದಿನ ಹಲ್ಲಿನಿಂದ ಅಗಿಯಬಹುದು. ಎಳ್ಳ ಅಮಾವಾಸ್ಯೆಯ ದಿನ ನಮ್ಮ ಹುಡುಗಿಗೆ ಸಜ್ಜಿ ರೊಟ್ಟಿಯನ್ನು ಭಜ್ಜಿಯಲ್ಲಿ ಮುರಿದು ಹಾಕಿ ಕೊಟ್ಟೆವು, ತೃಪ್ತಿಯಾಗಿ ಉಂಡಳು. ಕಲಬುರಗಿ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ಆ ನೀರು ಕುಡಿದು ಬೆಳೆದ ಮಕ್ಕಳ ಕಂದು ಕಲೆಯ ಹಲ್ಲಿಗೆ ಬ್ರಾಕೆಟ್ ಗಟ್ಟಿಯಾಗಿ ಅಂಟುವುದು ಕಷ್ಟ. ವೈದ್ಯರಿಗೆ ಊರಿನ ಹೆಸರು, ಕುಡಿಯುವ ನೀರಿನ ಮೂಲ ಎರಡನ್ನೂ ಹೇಳಿ. ಅಂಟಿಸುವ ಕ್ರಮದಲ್ಲಿ ಬದಲಾವಣೆ ಮಾಡಿಕೊಳ್ಳುತ್ತಾರೆ.

"ಎಕ್ಸ್‌ರೇ ಭಾಳ ತೆಗದ್ರ ಕ್ಯಾನ್ಸರ್ ಬರ್ತದಂತಲ್ರಿ" ಎಂಬ ಅಂಜಿಕೆಯೂ ಇದೆ. ಇಡೀ ದವಡೆಯ ಒಂದು ಓಪಿಜಿ ಚಿತ್ರದಿಂದ ಮೈಗೆ ತಾಗುವ ವಿಕಿರಣ, ಮಣ್ಣು ಕಲ್ಲು ಆಕಾಶದಿಂದ ನಮಗೆ ಕೆಲವೇ ದಿನಗಳಲ್ಲಿ ಸಹಜವಾಗಿ ತಾಗುವಷ್ಟು ಮಾತ್ರ. ಬೇಕಿಲ್ಲದೆ ತೆಗೆಸಬಾರದು, ಬೇಕಾದಾಗ ಬಿಡಲೂಬಾರದು. ಶುರುವಿಗೆ ಒಂದು, ಆರೇಳು ತಿಂಗಳಿಗೆ ಬಾಚಿ ಹಲ್ಲಿನ ಸಣ್ಣದೊಂದು, ಬಿಚ್ಚುವ ಮುನ್ನ ಒಂದು. ಇದು ಯಾವ ಮನೆಗೂ ಹೊರೆಯಾಗುವ ಲೆಕ್ಕವಲ್ಲ.

ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳಿಗೆ ನನ್ನದೊಂದು ಕಳಕಳಿಯ ವಿನಂತಿ. 2013ರಿಂದ ನೀವು ಮಕ್ಕಳ ಕಣ್ಣು, ಕಿವಿ, ಹೃದಯ, ಹಲ್ಲು ನೋಡುತ್ತಿದ್ದೀರಿ. ಐದನೇ ತರಗತಿಯ ಮಗುವಿನ ಬಾಯಿ ತೆರೆಸಿದಾಗ ಹುಳುಕು ನೋಡಿ ಮುಗಿಸಬೇಡಿ, ಕೋರೆ ಹಲ್ಲಿನ ಉಬ್ಬನ್ನೂ ಬೆರಳಿಂದ ಸವರಿ ನೋಡಿ. ಅರ್ಧ ನಿಮಿಷ ಸಾಕು. ಸಿಗದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಒಂದು ಚೀಟಿ ಬರೆಯಿರಿ.

ತಂದೆ ತಾಯಿಗಳೇ, ಮಗುವಿನ ಹಲ್ಲಿಗೆ ತಂತಿ ಹಾಕಿಸಲು ಹೋದಾಗ ಖರ್ಚೆಷ್ಟು, ಯಾವಾಗ ಬಿಚ್ಚುತ್ತೀರಿ ಎಂದು ಕೇಳುವ ಮುಂಚೆ ಬೇರಿನ ಚಿತ್ರ ತೋರಿಸಿ ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಕುರ್ಚಿ ಎಳೆದು ಕೂರಿಸಿ ತೋರಿಸುತ್ತಾರೆ. ಆ ಫಿಲ್ಮನ್ನು ಮನೆಗೆ ತನ್ನಿ, ಮಾರ್ಕ್ಸ್ ಕಾರ್ಡಿನ ಜೊತೆಗೇ ಇಡಿ. ನಮ್ಮ ಹುಡುಗಿಯ ಏಳನೇ ತಿಂಗಳ ಫಿಲ್ಮ್ ಕಳೆದ ವಾರ ತೆಗೆಸಿದೆವು. ನಾಲ್ಕೂ ಬೇರು ಚೂಪಾಗಿಯೇ ಇವೆ. ಮುಂದಿನ ಭೇಟಿ ಬರುವ ತಿಂಗಳ ಎರಡನೇ ಶನಿವಾರ.